ಹೊಕ್ಕುಳಬಳ್ಳಿ ಎಲ್ಲಿ ಅಂಟಿದೆ ಎಂದು ಕೇಳಿ

(ಸ್ವಸಹಾಯ ಸಂಘಗಳ ಮಹಿಳೆಯರ ತಾಲ್ಲೂಕು ಸಮಾವೇಶದಲ್ಲಿ ನಿವೃತ್ತ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಸೇರಿರುವ ಈ ಸಭೆಯಲ್ಲಿ ಹೆರಿಗೆ ಕೋಣೆಯ ನರ್ಸಮ್ಮನಿಗೆ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಬೆಳಗ್ಗಿನಿಂದ ನೀವು ಠಾಣೆ, ಕೋರ್ಟು, ಪಂಚಾಯ್ತಿಗಳ ಮಾತು ಕೇಳಿದ್ದೀರಿ. ನಾನು ಮಾತಾಡಬೇಕೆಂದು ಬಂದಿರುವುದು ಹೊಕ್ಕುಳಬಳ್ಳಿಯ ಬಗ್ಗೆ, ಹೊಟ್ಟೆಯೊಳಗಿನ ಕೂಸಿನ ಹೃದಯದ ಬಗ್ಗೆ. ಇದಕ್ಕೂ ವರದಕ್ಷಿಣೆಗೂ ಏನು ನಂಟು ಎಂದರೆ, ನಾನೇ ಕಂಡ ಒಂದು ಸಂಗತಿಯಿಂದ ಶುರು ಮಾಡಬೇಕಾಗುತ್ತದೆ.

1998ರ ಮಳೆಗಾಲ. ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಊರಿನ ಹೆಸರು ಬೇಡ, ಹುಡುಗಿಯ ಹೆಸರೂ ಬೇಡ. ಚೊಚ್ಚಲ ಬಸುರಿ, ಇಪ್ಪತ್ತು ದಾಟಿರಲಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು ರೂಢಿ. ಇವಳನ್ನು ಕಳಿಸಿರಲಿಲ್ಲ. ಮದುವೆಯಲ್ಲಿ ಒಪ್ಪಿಕೊಂಡ ಬಂಗಾರದಲ್ಲಿ ಎರಡು ತೊಲ ಬಾಕಿ ಇತ್ತಂತೆ. ಅದು ಬರುವ ತನಕ ತವರಿನ ಹೊಸಿಲು ತುಳಿಯಕೂಡದು ಎಂದು ಅತ್ತೆಯ ಕಟ್ಟಪ್ಪಣೆ. ಐದನೇ ತಿಂಗಳಲ್ಲಿ ಒಮ್ಮೆ ಪೇಟೆಗೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಮೊದಲು ಕೇಳಿದ್ದು ಗಂಡೋ ಹೆಣ್ಣೋ ಎಂದು. ಅದನ್ನು ಹೇಳುವುದಿಲ್ಲ ಎಂದು ಡಾಕ್ಟರು ಅಂದರು. ಹೇಳದಿದ್ದ ಮೇಲೆ ದುಡ್ಡು ಯಾಕೆ ದಂಡ ಎಂದು ಸ್ಕ್ಯಾನಿಂಗ್ ಮಾಡಿಸದೆ ವಾಪಸು ಕರೆತಂದರು.

ಆ ರಾತ್ರಿ ಅವಳು ಬಂದಾಗ ನೀರು ಒಡೆದಿತ್ತು. ನೀರಿನ ಜೊತೆ ಕೆಂಪು ರಕ್ತ ಹೋಗುತ್ತಿತ್ತು. ಅವಳ ನಾಡಿ ನೋಡಿದೆ, ಚೆನ್ನಾಗಿತ್ತು. ಬಿ.ಪಿ. ನೋಡಿದೆ, ಅದೂ ಸರಿ ಇತ್ತು. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೂಸಿನ ಎದೆಬಡಿತ ಕೇಳಿದೆ. ಓಡುತ್ತಿತ್ತು, ನಿಮಿಷಕ್ಕೆ 180ರ ಹತ್ತಿರ. ಆಪರೇಷನ್ ಮಾಡುವ ಡಾಕ್ಟರು ನಮ್ಮಲ್ಲಿ ಇರಲಿಲ್ಲ, ಜಿಲ್ಲಾಸ್ಪತ್ರೆಗೆ ಕಳಿಸಬೇಕಿತ್ತು. ಜೀಪು ತರಿಸುವಷ್ಟರಲ್ಲಿ ಮತ್ತೆ ಕೇಳಿದೆ, 70ಕ್ಕೆ ಇಳಿದಿತ್ತು. ಮೂರನೇ ಸಲ ಕಿವಿ ಇಟ್ಟಾಗ ನನಗೆ ಮಳೆಯ ಸದ್ದು ಮಾತ್ರ ಕೇಳಿಸಿತು.

ಬೆಳಗಿನ ಜಾವ ಸತ್ತ ಕೂಸು ಹುಟ್ಟಿತು. ಮೈತುಂಬ ಬೆಳೆದ ಕೂಸು, ಆದರೆ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಆಮೇಲೆ ಮಾಸು ಬಿತ್ತು. ಬಟ್ಟಲಿನಲ್ಲಿ ಹಾಕಿ ತೊಳೆದು ಎತ್ತಿ ಹಿಡಿದೆ. ಹೊಕ್ಕುಳಬಳ್ಳಿ ಮಾಸಿನ ನಡುವೆ ಅಂಟಿರಲಿಲ್ಲ. ಮಾಸಿನಿಂದ ದೂರ, ನೀರಿನ ಚೀಲದ ತೆಳು ಪೊರೆಯಲ್ಲಿ ಬಂದು ನಿಂತಿತ್ತು. ಅಲ್ಲಿಂದ ಮಾಸಿನ ತನಕ ರಕ್ತನಾಳಗಳು ಬರಿಯ ಪೊರೆಯ ಮೇಲೆ, ಯಾವ ಆಸರೆಯೂ ಇಲ್ಲದೆ ಹರಡಿದ್ದವು. ಅದರಲ್ಲಿ ಒಂದು ಹರಿದಿತ್ತು. ಹೋಗುತ್ತಿದ್ದ ರಕ್ತ ತಾಯಿಯದಲ್ಲ, ಕೂಸಿನದು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಇವಳ ಹೊಟ್ಟೆಯೇ ಸರಿಯಿಲ್ಲ. ಬಂಗಾರ ತರಲಿಲ್ಲ, ಕೂಸನ್ನೂ ಉಳಿಸಿಕೊಳ್ಳಲಿಲ್ಲ. ಕಾಲ್ಗುಣವೇ ಕೆಟ್ಟದ್ದು" ಎಂದರು. ನನ್ನ ಕೈಯಲ್ಲಿ ಆ ಮಾಸು ಇತ್ತು. "ಇಲ್ಲಿ ನೋಡಿ ಅಮ್ಮಾ, ಇದರಲ್ಲಿ ಇವಳ ತಪ್ಪು ಏನೂ ಇಲ್ಲ" ಎಂದು ತೋರಿಸಬಹುದಿತ್ತು. ತೋರಿಸಲಿಲ್ಲ. ಇನ್ನೆರಡು ಹೆರಿಗೆ ಕಾಯುತ್ತಿದ್ದವು, ನಿದ್ದೆಗೆಟ್ಟಿದ್ದೆ, ಮನೆಯವರ ಜಗಳ ನನಗೇಕೆ ಅಂದುಕೊಂಡೆ. ರಿಜಿಸ್ಟರಿನಲ್ಲಿ 'ಮೃತ ಶಿಶು' ಎಂದು ಬರೆದು ಮುಗಿಸಿದೆ.

ಎಂಟು ತಿಂಗಳಾದ ಮೇಲೆ ಆ ಹುಡುಗಿ ಒಬ್ಬಳೇ ಬಂದಳು. ಅವಳನ್ನು ತವರಿಗೆ ಅಟ್ಟಿದ್ದರು. ಗಂಡನಿಗೆ ಬೇರೆ ಹೆಣ್ಣು ನೋಡುತ್ತಿದ್ದರು. ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದಳು: "ಸಿಸ್ಟರ್, ನಾನು ಏನು ತಪ್ಪು ಮಾಡಿದೆ?" ಬಸುರಿಯಲ್ಲಿ ದನದ ಹಗ್ಗ ದಾಟಿದ್ದಕ್ಕೆ ಬಳ್ಳಿ ಹಾಗಾಯಿತಂತೆ, ಗ್ರಹಣದ ದಿನ ಹೊರಗೆ ಬಂದಿದ್ದಕ್ಕಂತೆ, ನೆಲುವಿನ ಮೇಲಿನ ಡಬ್ಬಿಗೆ ಕೈ ಎತ್ತಿದ್ದಕ್ಕಂತೆ. ಅವರ ಮನೆಯವರು ಹೇಳಿದ್ದನ್ನೆಲ್ಲ ಅವಳು ನಂಬಿದ್ದಳು.

ಅವತ್ತಿನಿಂದ ನಿವೃತ್ತಳಾಗುವ ತನಕ ನಾನು ಒಂದು ಕೆಲಸ ಬಿಡಲಿಲ್ಲ. ಹೆರಿಗೆಯಾದ ಮೇಲೆ ತಾಯಿ ಬೇಡ ಅನ್ನದಿದ್ದರೆ ಅವಳಿಗೂ ಜೊತೆಗೆ ಬಂದ ಹೆಂಗಸರಿಗೂ ಮಾಸು ತೋರಿಸಿ, ಬಳ್ಳಿ ಎಲ್ಲಿ ಅಂಟಿದೆ ಎಂದು ಹೇಳುತ್ತಿದ್ದೆ. ಇವತ್ತು ನಿಮಗೂ ಅದನ್ನೇ ಹೇಳುತ್ತೇನೆ.

ಮಾಸು ಎಂದರೆ ನಿಮಗೆ ಗೊತ್ತು, ನಿಮ್ಮಲ್ಲಿ ಕೆಲವರು ಕಸ ಅನ್ನುತ್ತೀರಿ. ಅದು ರೊಟ್ಟಿಯ ಹಾಗೆ ದುಂಡಗೆ, ದಪ್ಪಗೆ ಇರುತ್ತದೆ. ಗರ್ಭಕೋಶದ ಗೋಡೆಗೆ ಅಂಟಿಕೊಂಡು ತಾಯಿಯ ರಕ್ತದಿಂದ ಪ್ರಾಣವಾಯುವನ್ನೂ ಆಹಾರವನ್ನೂ ಕೂಸಿಗೆ ದಾಟಿಸುತ್ತದೆ. ಕೂಸಿಗೂ ಮಾಸಿಗೂ ನಡುವಿನ ದಾರಿ ಹೊಕ್ಕುಳಬಳ್ಳಿ. ಸುಮಾರು ಅರ್ಧ ಮೀಟರ್ ಉದ್ದ. ಅದರೊಳಗೆ ಮೂರು ನಾಳಗಳಿವೆ. ಒಂದು ಒಳ್ಳೆಯ ರಕ್ತವನ್ನು ಕೂಸಿಗೆ ತರುತ್ತದೆ, ಎರಡು ಬಳಸಿದ ರಕ್ತವನ್ನು ಮಾಸಿಗೆ ಒಯ್ಯುತ್ತವೆ. ಈ ಮೂರನ್ನೂ ಸುತ್ತಿ ದಪ್ಪ ಲೋಳೆಯೊಂದು ಕಾಪಾಡುತ್ತದೆ. ಬಳ್ಳಿ ಮಡಚಿದರೂ ಒತ್ತಿದರೂ ನಾಳ ಮುಚ್ಚಿಹೋಗದಂತೆ ಅದು ತಡೆಯುತ್ತದೆ.

ಈ ದಾರಿಯಲ್ಲಿ ರಕ್ತವನ್ನು ತಳ್ಳುವುದು ಯಾವುದು? ತಾಯಿಯ ಹೃದಯವಲ್ಲ, ಕೂಸಿನ ಹೃದಯ. ಮುಟ್ಟು ನಿಂತ ಲೆಕ್ಕದಲ್ಲಿ ಆರನೇ ವಾರದ ಹೊತ್ತಿಗೆ ಅದು ಬಡಿಯಲು ಶುರು ಮಾಡಿರುತ್ತದೆ. ದಿನ ತುಂಬುತ್ತ ಬಂದ ಕೂಸಿನ ಎದೆ ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕು. ಅದು ತನ್ನ ಮೈಗೆ ಮಾತ್ರ ರಕ್ತ ಹಾಯಿಸಿದರೆ ಸಾಲದು. ಬಳ್ಳಿಯುದ್ದಕ್ಕೂ ತಳ್ಳಿ, ಮಾಸಿನೊಳಗೆ ಸುತ್ತಾಡಿಸಿ, ವಾಪಸು ತಂದುಕೊಳ್ಳಬೇಕು. ಐದನೇ ತಿಂಗಳಲ್ಲಿ ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾಸಿಗೇ ಹೋಗುತ್ತದೆ. ಕೊನೆಯ ತಿಂಗಳುಗಳಲ್ಲೂ ಐದರಲ್ಲೊಂದು ಪಾಲು.

ನಿಮ್ಮ ತೋಟದ ಬೋರ್‌ವೆಲ್ ಮೋಟರನ್ನು ನೆನೆಸಿಕೊಳ್ಳಿ. ಪೈಪು ಸರಿಯಾಗಿದ್ದರೆ ಮೋಟರು ನಿರಾಳವಾಗಿ ಓಡುತ್ತದೆ. ಪೈಪಿನ ಮೇಲೆ ಗಾಡಿಚಕ್ರ ನಿಂತರೆ ಅದಕ್ಕೆ ಭಾರ ಬೀಳುತ್ತದೆ, ಗದ್ದೆಯ ಕೊನೆಗೆ ನೀರು ಮುಟ್ಟುವುದಿಲ್ಲ. ಕೂಸಿನ ಹೃದಯವೂ ಹಾಗೆಯೇ. ಮುಂದೆ ಅಡ್ಡಿ ಹೆಚ್ಚಾದಷ್ಟೂ ಅದು ಹೆಚ್ಚು ದುಡಿಯಬೇಕು. ಕಷ್ಟ ಬಂದಾಗ ಅದು ಜಾಣತನ ಮಾಡುತ್ತದೆ. ಕೈಕಾಲು, ಕರುಳಿಗೆ ಹೋಗುವ ರಕ್ತ ಕಡಿಮೆ ಮಾಡಿ ಮೆದುಳಿಗೆ, ತನಗೆ ಹೆಚ್ಚು ಕಳಿಸಿಕೊಳ್ಳುತ್ತದೆ. ಆದರೆ ಅದು ಎಷ್ಟು ದಿನ? ಕೂಸಿನ ತೂಕ ಏರುವುದಿಲ್ಲ, ಕೊನೆಗೆ ಹೃದಯವೇ ಸೋಲಬಹುದು.

ಸಾಮಾನ್ಯವಾಗಿ ಬಳ್ಳಿ ಮಾಸಿನ ನಡುವೆ ಅಥವಾ ನಡುವಿನ ಹತ್ತಿರ ಅಂಟಿರುತ್ತದೆ. ಕೆಲವರಲ್ಲಿ ಅಂಚಿನಿಂದ ಎರಡು ಸೆಂಟಿಮೀಟರಿನೊಳಗೆ ಅಂಟಿರುತ್ತದೆ. ಇದಕ್ಕೆ ಮಾರ್ಜಿನಲ್ ಅನ್ನುತ್ತಾರೆ. ಇನ್ನು ಕೆಲವರಲ್ಲಿ ನಾನು ಹೇಳಿದ ಹುಡುಗಿಯ ಹಾಗೆ ಮಾಸನ್ನೇ ಮುಟ್ಟದೆ ಪೊರೆಗೆ ಅಂಟಿರುತ್ತದೆ. ಇದಕ್ಕೆ ವೆಲಮೆಂಟಸ್ ಅನ್ನುತ್ತಾರೆ. ಇಲ್ಲಿ ನಾಳಗಳಿಗೆ ಲೋಳೆಯ ರಕ್ಷಣೆ ಇಲ್ಲ. ಕೂಸಿನ ಮೈ ಒತ್ತಿದರೂ, ನೋವು ಬಂದಾಗ ಗರ್ಭಕೋಶ ಬಿಗಿದರೂ ಅವು ಅದುಮಿಹೋಗಬಹುದು. ಅದಕ್ಕೇ ಹೆರಿಗೆ ನೋವಿನ ನಡುವೆ ಇಂಥ ಕೂಸುಗಳ ಎದೆಬಡಿತ ಥಟ್ಟನೆ ಇಳಿದು ಮತ್ತೆ ಏರುವುದನ್ನು ನಾವು ಕಾಣುತ್ತೇವೆ. ಕೂಸಿನ ತೂಕ ಕಡಿಮೆ ಇರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಾಸು ತಾನಾಗಿ ಬೀಳದೆ ಕೈಹಾಕಿ ತೆಗೆಯಬೇಕಾಗುವುದು ಇವರಲ್ಲಿ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಅಪಾಯ ಎಂದರೆ ಆ ಬರಿ ನಾಳಗಳು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಹಾದುಹೋಗುವುದು. ಅದರ ಹೆಸರು ವಾಸಾ ಪ್ರೀವಿಯಾ. ನೀರಿನ ಚೀಲ ಒಡೆಯುವಾಗ ನಾಳವೂ ಹರಿಯುತ್ತದೆ. ಮೂರು ಕಿಲೋ ತೂಗುವ ಕೂಸಿನ ಮೈಯಲ್ಲಿರುವ ರಕ್ತವೇ ಕಾಲು ಲೀಟರಿಗೆ ತುಸು ಹೆಚ್ಚು. ಒಂದು ದೊಡ್ಡ ಲೋಟದಷ್ಟು. ಅದು ಖಾಲಿಯಾಗಲು ಎಷ್ಟು ಹೊತ್ತು ಬೇಕು? ಮೊದಲು ಹೃದಯ ಓಡುತ್ತದೆ, ಆಮೇಲೆ ತಳ್ಳಲು ರಕ್ತವಿಲ್ಲದೆ ನಿಧಾನವಾಗುತ್ತದೆ, ನಿಲ್ಲುತ್ತದೆ. ಆ ರಾತ್ರಿ ನಾನು ಕೇಳಿದ್ದು ಅದನ್ನೇ.

ಹೆದರಬೇಡಿ. ವಾಸಾ ಪ್ರೀವಿಯಾ ಬಹಳ ಅಪರೂಪ. ಬಳ್ಳಿ ಅಂಚಿಗೆ ಅಂಟಿದ ಬಹುಪಾಲು ಕೂಸುಗಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಪೊರೆಗೆ ಅಂಟಿದವುಗಳಲ್ಲೂ ಹೆಚ್ಚಿನವು ಬದುಕುತ್ತವೆ. ಹೆದರಿಸಲು ನಾನು ಇದನ್ನು ಹೇಳುತ್ತಿಲ್ಲ, ಮೊದಲೇ ಗೊತ್ತಾದರೆ ಉಳಿಸಿಕೊಳ್ಳಬಹುದು ಎಂದು ಹೇಳುತ್ತಿದ್ದೇನೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾಸಾ ಪ್ರೀವಿಯಾದ 155 ಬಸಿರುಗಳನ್ನು ನೋಡಿದರು. ಹೆರಿಗೆಗೆ ಮೊದಲೇ ಸ್ಕ್ಯಾನಿಂಗಿನಲ್ಲಿ ಗೊತ್ತಾಗಿದ್ದ ಕಡೆ ನೂರಕ್ಕೆ 97 ಕೂಸುಗಳು ಬದುಕಿದವು. ಗೊತ್ತಾಗದಿದ್ದ ಕಡೆ ಬದುಕಿದ್ದು 44. ಇದರ ನಡುವಿನ ಅಂತರ ಒಂದು ಸ್ಕ್ಯಾನಿಂಗು, ಒಂದು ಪ್ರಶ್ನೆ.

ಈಗ ಆ ಹುಡುಗಿ ಕೇಳಿದ ಮಾತಿಗೆ ಬರೋಣ. ಬಳ್ಳಿ ಹೀಗೆ ಅಂಟುವುದು ಯಾರ ತಪ್ಪು? ಯಾರದ್ದೂ ಅಲ್ಲ. ಬಸಿರಿನ ತೀರ ಮೊದಲ ವಾರಗಳಲ್ಲಿ, ಎಷ್ಟೋ ಸಲ ಬಸುರಿ ಎಂದು ತಿಳಿಯುವ ಹೊತ್ತಿಗೇ, ಇದರ ಬುಡ ಬಿದ್ದಿರುತ್ತದೆ. ಕುಂಬಳದ ಬಳ್ಳಿ ತೇವ ಇರುವ ಕಡೆಗೆ ಹಬ್ಬುವುದಿಲ್ಲವೇ? ಮಾಸು ಕೂಡ ಗರ್ಭಕೋಶದಲ್ಲಿ ರಕ್ತ ಚೆನ್ನಾಗಿರುವ ಕಡೆಗೆ ಬೆಳೆಯುತ್ತದೆ, ಇನ್ನೊಂದು ಕಡೆ ಸವೆಯುತ್ತದೆ. ಹೀಗೆ ನಡುವೆ ಇದ್ದ ಬಳ್ಳಿ ಅಂಚಿಗೆ, ಕೆಲವೊಮ್ಮೆ ಪೊರೆಗೆ ಬಂದುಬಿಡುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಅವಳಿ ಬಸಿರಿನಲ್ಲಿ, ಟೆಸ್ಟ್‌ಟ್ಯೂಬ್ ಚಿಕಿತ್ಸೆಯಿಂದ ನಿಂತ ಬಸಿರಿನಲ್ಲಿ ಇದು ಹೆಚ್ಚು. ನಾರ್ವೆ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಬಸಿರುಗಳ ಲೆಕ್ಕ ನೋಡಿ 2013ರಲ್ಲಿ ಪ್ರಕಟಿಸಿದರು. ನೂರರಲ್ಲಿ 6.3 ಬಸಿರುಗಳಲ್ಲಿ ಬಳ್ಳಿ ಅಂಚಿಗೆ, 1.5ರಲ್ಲಿ ಪೊರೆಗೆ ಅಂಟಿತ್ತು. ಆ ದೇಶದ ಹೆಂಗಸರು ನಮ್ಮ ದನದ ಹಗ್ಗ ದಾಟಿದವರಲ್ಲ, ಎರಡು ತೊಲ ಬಂಗಾರ ಬಾಕಿ ಉಳಿಸಿಕೊಂಡವರೂ ಅಲ್ಲ. ಕಾಲ್ಗುಣಕ್ಕೂ ಬಳ್ಳಿಗೂ ಸಂಬಂಧವಿದ್ದಿದ್ದರೆ ಅಲ್ಲಿ ಯಾರ ಕಾಲ್ಗುಣ ಹುಡುಕುವುದು?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹೊಡೆತ ಬಡಿತದಿಂದ ಬಳ್ಳಿ ಅಂಚಿಗೆ ಹೋಗಿ ಅಂಟುವುದಿಲ್ಲ. ಆದರೆ ಬಸುರಿಯ ಹೊಟ್ಟೆಗೆ ಒದ್ದರೆ, ಅವಳನ್ನು ನೂಕಿ ಬೀಳಿಸಿದರೆ, ಸರಿಯಾಗಿ ಅಂಟಿದ ಮಾಸೂ ಗೋಡೆಯಿಂದ ಕಿತ್ತುಬರಬಹುದು. ಆಗ ತಾಯಿ, ಕೂಸು ಇಬ್ಬರ ಪ್ರಾಣಕ್ಕೂ ಕುತ್ತು. ಹೊರಗೆ ರಕ್ತ ಕಾಣದೆಯೂ ಒಳಗೆ ಕಟ್ಟಿಕೊಳ್ಳಬಹುದು. "ಜಾರಿ ಬಿದ್ದೆ" ಎಂದು ಹೇಳಿದ ಎಷ್ಟು ಜನ ಹೆಂಗಸರ ಹೊಟ್ಟೆಯ ಮೇಲೆ ನಾನು ಕಾಲಿನ ಗುರುತು ಕಂಡಿದ್ದೇನೆ! ಪೆಟ್ಟು ಬಿದ್ದಿದ್ದರೆ ನರ್ಸಿಗೆ, ಡಾಕ್ಟರಿಗೆ ನಿಜ ಹೇಳಿ. ಗಂಡ ಎದುರಿಗಿದ್ದರೆ ಅವನನ್ನು ಹೊರಗೆ ಕಳಿಸಲು ಕೇಳಿ. ನಿಜ ಗೊತ್ತಾದರೆ ಸರಿಯಾದ ಚಿಕಿತ್ಸೆ ಬೇಗ ಸಿಗುತ್ತದೆ.

ಇನ್ನು ನಾವು ಮಾಡಬೇಕಾದ ಕೆಲಸ. ಐದನೇ ತಿಂಗಳಲ್ಲಿ, ಅಂದರೆ 18ರಿಂದ 20 ವಾರದ ಹೊತ್ತಿಗೆ, ಕೂಸಿನ ಅಂಗಾಂಗ ನೋಡುವ ಸ್ಕ್ಯಾನಿಂಗ್ ಮಾಡುತ್ತಾರೆ. ಬಳ್ಳಿ ಎಲ್ಲಿ ಅಂಟಿದೆ ಎಂದು ನೋಡಲು ಅದೇ ಒಳ್ಳೆಯ ಕಾಲ. ಕೂಸು ಬೆಳೆದ ಮೇಲೆ ಅದರ ಮೈಯೇ ಅಡ್ಡ ಬಂದು ಕಾಣುವುದು ಕಷ್ಟ. ಆಗ ಈ ನಾಲ್ಕು ಪ್ರಶ್ನೆ ಕೇಳಿ. ಒಂದು, ಬಳ್ಳಿ ಮಾಸಿನ ನಡುವೆ ಇದೆಯೇ, ಅಂಚಿಗೆ ಇದೆಯೇ, ಪೊರೆಗೆ ಇದೆಯೇ? ಎರಡು, ಮಾಸು ಕೆಳಗೆ ಇದೆಯೇ, ಗರ್ಭಕೋಶದ ಬಾಯಿಯ ಹತ್ತಿರ ನಾಳ ಏನಾದರೂ ಹಾದಿದೆಯೇ? ಮೂರು, ಕೂಸಿನ ಹೃದಯದ ನಾಲ್ಕು ಕೋಣೆಗಳೂ ಬಡಿತವೂ ಸರಿ ಇವೆಯೇ? ನಾಲ್ಕು, ಮತ್ತೆ ಯಾವಾಗ ಬರಬೇಕು?

ವರದಿ ಇಂಗ್ಲಿಷಿನಲ್ಲಿ ಇರುತ್ತದೆ. ಕಾರ್ಡ್ ಇನ್ಸರ್ಷನ್, ಮಾರ್ಜಿನಲ್, ವೆಲಮೆಂಟಸ್, ವಾಸಾ ಪ್ರೀವಿಯಾ ಎಂಬ ಪದಗಳನ್ನು ನಿಮ್ಮ ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಓದಲು ಬರುವ ಮಕ್ಕಳಿಂದ ವರದಿ ಓದಿಸಿ. ಬಳ್ಳಿ ಅಂಚಿಗೋ ಪೊರೆಗೋ ಇದ್ದರೆ ಕೂಸಿನ ಬೆಳವಣಿಗೆ ನೋಡಲು ಮತ್ತೆ ಸ್ಕ್ಯಾನಿಂಗಿಗೆ ಕರೆಯಬಹುದು. ಡಾಪ್ಲರ್ ಎಂಬ ಪರೀಕ್ಷೆಯಲ್ಲಿ ಬಳ್ಳಿಯ ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ಅಳೆಯುತ್ತಾರೆ. ಎರಡು ಬಡಿತಗಳ ನಡುವೆಯೂ ರಕ್ತ ಮುಂದಕ್ಕೇ ಹರಿಯುತ್ತಿರಬೇಕು. ನಿಂತರೆ ಅಥವಾ ಹಿಂದಕ್ಕೆ ಬಂದರೆ ಅಪಾಯದ ಸೂಚನೆ. ಅನುಮಾನವಿದ್ದರೆ ಕೂಸಿನ ಹೃದಯವನ್ನೇ ವಿವರವಾಗಿ ನೋಡುವ ಎಕೋ ಪರೀಕ್ಷೆಯೂ ಇದೆ.

ಖರ್ಚಿನ ಮಾತು ಬರುತ್ತದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪರೀಕ್ಷೆ, ಸ್ಕ್ಯಾನಿಂಗ್, ಔಷಧಿ, ರಕ್ತ, ಸಿಸೇರಿಯನ್, ವಾಹನ ಎಲ್ಲವೂ ಉಚಿತ. ಇದು ನಮ್ಮ ಹಕ್ಕು. 2016ರಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿ ವಿಶೇಷ ತಪಾಸಣೆ ಇದೆ. ತಾಯಿ ಕಾರ್ಡು ಬಸುರಿಯ ಕೈಯಲ್ಲೇ ಇರಲಿ, ಅತ್ತೆಯ ಬೀರುವಿನಲ್ಲಿ ಅಲ್ಲ.

ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ, ಕೇಳಲು ಬಿಡಬೇಡಿ. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಕೂಸಿನ ಹೃದಯದ ಬಗ್ಗೆ, ಬಳ್ಳಿಯ ಬಗ್ಗೆ, ಮಾಸಿನ ಬಗ್ಗೆ ಹೇಳಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಡಾಕ್ಟರು ಹೇಳಬಾರದ್ದನ್ನು ಕೇಳಿ, ಹೇಳಬೇಕಾದ್ದನ್ನು ಕೇಳದೆ ಬರುವುದು ನಮ್ಮ ಮನೆಗಳಲ್ಲಿ ನಡೆಯುತ್ತಿದೆ. ಆ ಹುಡುಗಿಯ ಮನೆಯಲ್ಲಿ ಆದದ್ದು ಇದೇ.

ನಾಲ್ಕು ವರ್ಷದ ಹಿಂದೆ ನಮ್ಮ ಓಣಿಯ ಸಂಘದ ಸದಸ್ಯೆಯೊಬ್ಬಳ ವರದಿಯಲ್ಲಿ ವೆಲಮೆಂಟಸ್ ಎಂದು ಬರೆದಿತ್ತು. ಗಂಡನ ಮನೆಯವರು "ಇದೆಲ್ಲ ದುಡ್ಡು ಕೀಳುವ ದಾರಿ" ಎಂದರು. ವಾರದ ಸಭೆಯಲ್ಲಿ ವಿಷಯ ಬಂತು. ನಾನು ಒಂದು ತಟ್ಟೆ, ಒಂದು ಹಗ್ಗ, ಒಂದು ತೆಳು ಪ್ಲಾಸ್ಟಿಕ್ ಹಾಳೆ ಇಟ್ಟುಕೊಂಡು ಎಲ್ಲರಿಗೂ ತೋರಿಸಿದೆ. ಓಡಾಟದ, ಜೊತೆಯವರ ಊಟದ ಖರ್ಚಿಗೆಂದು ಸಂಘದಿಂದ ನಾಲ್ಕು ಸಾವಿರ ಸಾಲ ಕೊಟ್ಟೆವು. ಇಬ್ಬರು ಸದಸ್ಯೆಯರು ಜೊತೆಗೆ ಹೋದರು. 32ನೇ ವಾರದಲ್ಲಿ ಕೆಳಗಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಬಾಯಿಯ ಮೇಲೆ ನಾಳ ಇರುವುದು ಖಚಿತವಾಯಿತು. ಮುಂದಿನ ವಾರವೇ ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಂಡರು. ಕೂಸಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟರು. ನೀರು ಒಡೆಯುವ ತನಕ ಕಾಯದೆ 35ನೇ ವಾರಕ್ಕೆ ಸಿಸೇರಿಯನ್ ಮಾಡಿದರು. ಹೆಣ್ಣುಮಗು, ಎರಡು ಕಿಲೋ ನೂರು ಗ್ರಾಂ. ಈಗ ಅಂಗನವಾಡಿಗೆ ಹೋಗುತ್ತಾಳೆ. ಆ ನಾಲ್ಕು ಸಾವಿರವನ್ನು ಅವಳ ತಾಯಿ ಕಂತಿನಲ್ಲಿ ತೀರಿಸಿದಳು.

ಆದರೆ ಎಲ್ಲ ಕೂಸೂ ಉಳಿಯುವುದಿಲ್ಲ. ಉಳಿಯದಿದ್ದಾಗ ತಾಯಿಯ ಮೇಲೆ ಬೀಳುವ ಮಾತುಗಳಿವೆಯಲ್ಲ, ಅವೂ ಹಿಂಸೆಯೇ. ಇದು ನನ್ನೊಬ್ಬಳ ಅಭಿಪ್ರಾಯವಲ್ಲ, ಕಾನೂನಿನ ಮಾತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಮಗು ಇಲ್ಲವೆಂದು, ಗಂಡುಮಗು ಇಲ್ಲವೆಂದು ಹೆಂಗಸನ್ನು ಹೀಯಾಳಿಸುವುದನ್ನು ಹಿಂಸೆಯ ಪಟ್ಟಿಯಲ್ಲೇ ಸೇರಿಸಿದ್ದಾರೆ. ಅದೇ ಕಾಯ್ದೆಯಲ್ಲಿ ಗಂಡನ ಮನೆಯಲ್ಲಿ ವಾಸಿಸುವ ಹಕ್ಕೂ ಇದೆ. ಕೂಸು ಸತ್ತಿತೆಂದು ಅವಳನ್ನು ಹೊರಗೆ ಹಾಕುವಂತಿಲ್ಲ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಮೊದಲಿದ್ದ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು ಬಂದಿವೆ. ಮೂರು ವರ್ಷದ ತನಕ ಜೈಲು, ದಂಡ. ವರದಕ್ಷಿಣೆ ಬಾಕಿಗಾಗಿ ಬಸುರಿಯನ್ನು ಪೀಡಿಸುವುದೂ ಇದರಲ್ಲಿ ಬರುತ್ತದೆ. ಸಹಾಯಕ್ಕೆ 181ಕ್ಕೆ ಫೋನ್ ಮಾಡಿ. ರಕ್ತ ಹೋಗುತ್ತಿದ್ದರೆ, ನೀರು ಒಡೆದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಯಾರ ಅಪ್ಪಣೆಗೂ ಕಾಯದೆ 108ಕ್ಕೆ ಮಾಡಿ.

ಕೊನೆಯದಾಗಿ ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು. ನಿಮ್ಮ ಸಂಘದಲ್ಲಿ ಯಾರು ಬಸುರಿ, ಯಾರಿಗೆ ಐದನೇ ತಿಂಗಳು ಎಂದು ಉಳಿತಾಯದ ಲೆಕ್ಕದ ಜೊತೆಗೇ ಬರೆದಿಡಿ. ಅವಳ ಜೊತೆ ಒಬ್ಬಳು ಸ್ಕ್ಯಾನಿಂಗಿಗೆ ಹೋಗಿ. ಯಾರ ಮನೆಯಲ್ಲಾದರೂ ಕೂಸು ಉಳಿಯದಿದ್ದರೆ ಮೂರನೇ ದಿನದೊಳಗೆ ಹತ್ತು ಜನ ಹೋಗಿ ಅವಳ ಪಕ್ಕ ಕೂತು ಬನ್ನಿ. ಅತ್ತೆ ಕೇಳುವಂತೆ ಹೇಳಿ, ಇದು ಅವಳ ತಪ್ಪಲ್ಲ ಎಂದು. ನಮ್ಮಲ್ಲಿ ಎಷ್ಟೋ ಜನ ಈಗ ಅತ್ತೆಯರೇ ಆಗಿದ್ದೇವೆ, ಆ ಮಾತು ನಮ್ಮ ಬಾಯಿಂದಲೇ ಮೊದಲು ಬರಲಿ.

ಆ ಹುಡುಗಿಗೆ ನಾನು ಎಂಟು ತಿಂಗಳು ತಡವಾಗಿ ಉತ್ತರ ಕೊಟ್ಟೆ. ಬಿಳಿ ಹಾಳೆಯ ಮೇಲೆ ಮಾಸು, ಬಳ್ಳಿ, ಹರಿದ ನಾಳ ಎಲ್ಲ ಬರೆದು ತೋರಿಸಿದೆ. ಅವಳು ಅಳಲಿಲ್ಲ. ಆ ಹಾಳೆಯನ್ನು ಮಡಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. "ಇದನ್ನು ನಮ್ಮ ಅವ್ವನಿಗೆ ತೋರಿಸ್ತೀನಿ, ಅವಳೂ ನಂದೇ ತಪ್ಪು ಅಂದ್ಕೊಂಡಿದಾಳೆ" ಎಂದಳು. ನಿಮ್ಮ ಊರಿನ ಹುಡುಗಿಯರು ಅಷ್ಟು ದಿನ ಕಾಯುವಂತೆ ಆಗದಿರಲಿ.